ಕಿಟಕಿ ಗಾಜಿನಲ್ಲಿ ಕಂಡ ನನ್ನ ಶ್ವಾಸಕೋಶ

ವೈದ್ಯಕೀಯ ಉಪಕರಣ ಆಯ್ಕೆ ಸಮಿತಿಯ ಅಧ್ಯಕ್ಷರಾದ ಮಾನ್ಯರೇ,

ನಮ್ಮ ಆಸ್ಪತ್ರೆಗೆ ಯಾವ ಡಿಜಿಟಲ್ ಎಕ್ಸ್-ರೇ ಒಳ್ಳೆಯದೆಂದು ತಾವು ಹೋಲಿಸಲು ಕುಳಿತು ನಾಲ್ಕು ವರ್ಷವಾಯಿತು. ಹೋಲಿಸುತ್ತಿರುವುದು ಎರಡನ್ನೇ ಎಂದು ಕೇಳಿದ್ದೇನೆ. ಒಂದರಲ್ಲಿ ಫಲಕದ ಮುಂದೆ ನಿಂತ ಕ್ಷಣದಲ್ಲೇ ಚಿತ್ರ ಪರದೆಗೆ ಬರುತ್ತದಂತೆ, ಬೆಲೆ ಹೆಚ್ಚು. ಇನ್ನೊಂದಕ್ಕೆ ಈಗಿರುವ ಯಂತ್ರವೇ ಸಾಕು. ಫಿಲ್ಮಿನ ಬದಲು ಇಟ್ಟ ಪ್ಲೇಟನ್ನು ತೆಗೆದು, ಅದನ್ನು ಓದುವ ಪೆಟ್ಟಿಗೆಗೆ ಹಾಕಿ, ಒಂದೆರಡು ನಿಮಿಷ ಕಾಯಬೇಕು. ಆ ಒಂದೆರಡು ನಿಮಿಷ ನಮಗೆ ಕಷ್ಟವಾದೀತೆಂದು ತಾವು ನಾಲ್ಕು ವರ್ಷದಿಂದ ಯೋಚಿಸುತ್ತಿದ್ದೀರಲ್ಲ, ಆ ಕಾಳಜಿಗೆ ಏನು ಹೇಳಲಿ?

ತಮ್ಮ ಪಟ್ಟಿಯಲ್ಲಿ ಬಿಟ್ಟುಹೋದ ಮೂರನೆಯ ತಂತ್ರಜ್ಞಾನವೊಂದು ನಮ್ಮಲ್ಲಿದೆ. ಅದರ ಹೆಸರು ಕಿಟಕಿ. ಫಿಲ್ಮ್ ನೋಡುವ ದೀಪದ ಪೆಟ್ಟಿಗೆ ಕೆಟ್ಟಾಗ, ಹೇಗೂ ಹೊಸ ಯಂತ್ರ ಬರುತ್ತದಲ್ಲ ಎಂದು ತಮ್ಮ ಕಚೇರಿ ರಿಪೇರಿಗೆ ಒಪ್ಪಲಿಲ್ಲ. ಅಂದಿನಿಂದ ಎಕ್ಸ್-ರೇ ತೆಗೆಯುವವರು ಫಿಲ್ಮನ್ನು ಕಿಟಕಿ ಗಾಜಿಗೆ ಒತ್ತಿ ಹಿಡಿದು, ಮೊಬೈಲಿನಲ್ಲಿ ಫೋಟೊ ತೆಗೆದು, ಒಂದು ದಿನದ ದಾರಿಯಾಚೆ ಇರುವ ಡಾಕ್ಟರಿಗೆ ಕಳಿಸುತ್ತಾರೆ. ಮೋಡ ಕವಿದ ದಿನ ನಮ್ಮಲ್ಲಿ ಯಾರಿಗೂ ಕಾಯಿಲೆಯಿಲ್ಲ.

ನಾನು ದರ್ಜಿ. ಕೆಮ್ಮೆಂದು ಹೋದವನಿಗೆ, ಎಡ ಶ್ವಾಸಕೋಶದಲ್ಲಿ ಚುಕ್ಕೆಯಿದೆ ಎಂಬ ಉತ್ತರ ಬಂತು. ನನ್ನ ಕಥೆ ಮುಗಿಯಿತು ಅಂದುಕೊಂಡೆ. ಹದಿನೆಂಟು ವರ್ಷದಿಂದ ಮಾತು ಬಿಟ್ಟಿದ್ದ ಷಡ್ಡಕನ ಮನೆಗೆ ಹೋಗಿ ಕ್ಷಮೆ ಕೇಳಿದೆ. ತಪ್ಪು ಅವನದೇ ಆಗಿತ್ತು. ಹನ್ನೆರಡನೆಯ ದಿನ ಇನ್ನೊಬ್ಬರ ಮಂಡಿಯಲ್ಲೂ ಅದೇ ಚುಕ್ಕೆ ಕಂಡಾಗ, ಆಸ್ಪತ್ರೆಯ ಆಯಾ ಹೊರಗೆ ಹೋಗಿ ಗಾಜು ನೋಡಿದರು.

"ಇದು ಪಾರಿವಾಳದ ಕೆಲಸ ಕಣಪ್ಪ," ಎಂದರು, ಒದ್ದೆ ಬಟ್ಟೆಯಲ್ಲಿ ಒರೆಸುತ್ತ. "ನಿಂಗೇನೂ ಆಗಿಲ್ಲ, ಮನೆಗೆ ಹೋಗು."

ಹೀಗೆ ನನ್ನ ಶ್ವಾಸಕೋಶ ಗುಣವಾಯಿತು. ಷಡ್ಡಕ ಮಾತ್ರ ಈಗ ವಾರಕ್ಕೆರಡು ಸಲ ಊಟಕ್ಕೆ ಬರುತ್ತಾನೆ. ಇದಕ್ಕೆ ಪರಿಹಾರವನ್ನು ಯಾವ ಇಲಾಖೆಯಲ್ಲಿ ಕೇಳಲಿ?

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಹೋದ ತಿಂಗಳು ಏದುಸಿರೆಂದು ಆಸ್ಪತ್ರೆಗೆ ಬಂದ ನನ್ನ ಅಕ್ಕನ ಎಕ್ಸ್-ರೇ ಫೋಟೊದಲ್ಲೂ ಚುಕ್ಕೆ ಬಂತು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅವಳು.

"ನಿಂದೇ ಪಾರಿವಾಳ ಕಣೋ. ಗಾಜು ಒರೆಸೋಕೆ ಹೇಳು," ಎಂದು ನಕ್ಕಳು.

ಆಯಾ ಒಳಗೂ ಹೊರಗೂ ಒರೆಸಿದರು. ಮತ್ತೆ ಫೋಟೊ ತೆಗೆದರು. ಚುಕ್ಕೆ ಹೋಗಲಿಲ್ಲ.

ಅದೇನೆಂದು ದೂರದ ಡಾಕ್ಟರಿಗೂ ತಿಳಿಯುತ್ತಿಲ್ಲ. ಫಿಲ್ಮೇ ಮಸುಕಾಗಿದೆ, ಹಿಗ್ಗಿಸಿ, ಬೆಳಕು ಹೆಚ್ಚುಕಮ್ಮಿ ಮಾಡಿ ನೋಡುವಂಥ ಡಿಜಿಟಲ್ ಚಿತ್ರ ಬೇಕು ಎನ್ನುತ್ತಾರೆ. ಅದು ತಮ್ಮ ಎರಡು ಯಂತ್ರಗಳಲ್ಲಿ ಯಾವುದರಿಂದಾದರೂ ಸಿಗುತ್ತದೆ. ಒಂದು ದಿನ ಬಸ್ಸಿನಲ್ಲಿ ಕೂರುವಷ್ಟು ಉಸಿರು ಅಕ್ಕನಿಗಿಲ್ಲ. ನನಗೆ ಭಯವಾಗಿದೆ.

ಆದ್ದರಿಂದ ಹೋಲಿಕೆ ಸಾಕು. ಫಲಕ ಬೇಡ, ಆ ಅಗ್ಗದ ಪೆಟ್ಟಿಗೆಯನ್ನೇ ಈ ತಿಂಗಳೊಳಗೆ ಕಳಿಸಿಕೊಡಿ. ಆ ಒಂದೆರಡು ನಿಮಿಷ ನಾವು ಕಾಯುತ್ತೇವೆ. ಬೆಂಚಿನ ಮೇಲೆ ಅಕ್ಕನ ಪಕ್ಕದಲ್ಲಿ ನಾನೂ ಕೂತಿರುತ್ತೇನೆ.

ಇಂತಿ,
ಒದ್ದೆ ಬಟ್ಟೆಯಿಂದ ಗುಣವಾಗಿ, ಅಕ್ಕನಿಗೂ ಅಷ್ಟೇ ಸಾಕಾಗಲಿ ಎಂದು ಇನ್ನೂ ದಿನಾ ಹೋಗಿ ಆ ಗಾಜು ಒರೆಸುತ್ತಿರುವ ದರ್ಜಿ