ಸುಕ್ಕಿಲ್ಲದ ಬ್ಯಾನರ್

ಅಮ್ಮನಿಗೆ,

ನಿನ್ನ ಕಾಗದ ಬಂತು. ಈ ಸಲದ ಬೇಸಿಗೆ ಮೆರವಣಿಗೆಯಲ್ಲಿ ನೀನು ಹೊಲಿದ ಆ ಬ್ಯಾನರನ್ನು ನನ್ನ ಮಗಳ ಕೈಗೆ ಕೊಡಬೇಡ.

ನಾವು ಚಿಕ್ಕವರಿದ್ದಾಗ, ಆ ವರ್ಷದ ಮೆರವಣಿಗೆಯಲ್ಲಿ, ಅದರ ಒಂದು ಕೋಲು ಅಕ್ಕನ ಕೈಯಲ್ಲಿತ್ತು, ಇನ್ನೊಂದು ನನ್ನ ಕೈಯಲ್ಲಿ. "ಬಟ್ಟೆ ಸುಕ್ಕಾದ್ರೆ ಮನೆಗೆ ಬರ್ಬೇಡಿ" ಎಂದು ನೀನು ನಗುತ್ತಲೇ ಹೇಳಿದ್ದೆ. ಅಂಚೆ ಕಚೇರಿಯ ಎದುರು ಅಕ್ಕ, "ಕಣ್ಣು ಕತ್ತಲೆ ಬರ್ತಿದೆ ಕಣೇ, ನಿಲ್ಲೋಣ" ಅಂದಳು. "ನಾಟಕ ಆಡ್ಬೇಡ, ಅಮ್ಮ ನೋಡ್ತಾ ಇದಾಳೆ" ಎಂದು ನಾನು ಕೋಲನ್ನು ಇನ್ನೂ ಬಿಗಿಯಾಗಿ ಎಳೆದೆ. ಅವಳು ನಡೆದಳು. ಮುಂದಿನ ತಿರುವಿನಲ್ಲಿ ಬಿದ್ದವಳು ಏಳಲೇ ಇಲ್ಲ. ಬಿಸಿಲೇ ಕೊಂದಿತು ಎಂದು ನೀನು ಎಲ್ಲರಿಗೂ ಹೇಳಿದೆ. ಅವಳು ನಿಲ್ಲೋಣ ಅಂದದ್ದನ್ನು ನಾನು ಇವತ್ತೇ ಮೊದಲು ಹೇಳುತ್ತಿರುವುದು.

ನಿನ್ನ ಹೊಲಿಗೆ ಯಂತ್ರದ ಮೇಲ್ಗಡೆ ಗೋಡೆಯಲ್ಲಿರುವ ನಮ್ಮಿಬ್ಬರ ಫೋಟೊ ಅಂಚೆ ಕಚೇರಿ ದಾಟಿದ ಮೇಲೆ ತೆಗೆದದ್ದು. ಬ್ಯಾನರಿನಲ್ಲಿ ಒಂದು ಸುಕ್ಕೂ ಇಲ್ಲ. ನಾವು ಬರುವಷ್ಟರಲ್ಲಿ ಆ ಫೋಟೊವನ್ನು ಗೋಡೆಯಿಂದ ಇಳಿಸಿಡು.

ನಿನ್ನ ಚಿಕ್ಕವಳು