ಗೋಲಿನ ಹಿಂದಿನಿಂದ ಬಂದ ‘ನಂದು’

ಐಮಂಗಲ, 3 ಆಗಸ್ಟ್ 1977, ಬುಧವಾರ. ಸಂಜೆ ಆರೂವರೆ

ರಂಗಿ, ಹೇಗಿದ್ದೀಯ? ಮೊಣಕಾಲು ನೋವು ಇಳಿಯಿತೇ? ಮೂರ್ತಪ್ಪನ ಕೆಮ್ಮು? ಚಿತ್ರಲಿಂಗಪ್ಪನ ಹೆಂಡತಿ ಹೊಟ್ಟೆ ತುಂಬ ಉಣ್ಣುತ್ತಾಳೋ ಇಲ್ಲವೋ? ಮತ್ತೋಡಿಗೆ ನಿನಗೆ ಹಾಕುವ ಕಾರ್ಡಿನಲ್ಲಿ ಇಷ್ಟು ಕೇಳುವಷ್ಟರಲ್ಲೇ ಜಾಗ ಮುಗಿಯುತ್ತದೆ. ಉಳಿದದ್ದು ಈ ನೋಟ್‌ಬುಕ್ಕಿನಲ್ಲಿ. ನೀನು ಓದುವುದಿಲ್ಲ, ಗೊತ್ತು. ಆದರೂ ತಂಗಿಯ ಹೆಸರು ಹಾಕದೆ ನನಗೆ ಕೈ ಓಡುವುದಿಲ್ಲ.

ಮುದ್ದೆ ತೊಳಸಿ ಮುಚ್ಚಿಟ್ಟೆ. ಆರರ ಬಸ್ಸು ಇನ್ನೂ ಇಲ್ಲ. ಏಕಾಂತಿ ಅದರಲ್ಲೇ ಬರಬೇಕು. ದುರ್ಗದ ಮಿಲ್ಲಿನ ಫುಟ್‌ಬಾಲ್ ಟೀಮು ಕೇಳಿದ್ದೀಯಲ್ಲ — ಅಲ್ಲಿನ ಗಂಡಸರಿಗೆ ಆಡುವುದೇ ನೌಕರಿ, ತಿಂಗಳ ಸಂಬಳ. ಹೋದ ವರ್ಷ ಅದೇ ಕ್ಲಬ್ಬಿನವರು ಹೆಣ್ಣುಮಕ್ಕಳದೂ ಒಂದು ಟೀಮು ಕಟ್ಟಿದರು. ಸಂಬಳ ಇಲ್ಲ. ಗಂಡಸರು ಹಾಕಿ ಬಿಟ್ಟ ಅಂಗಿ, ಒದ್ದು ಸವೆಸಿದ ಚೆಂಡು, ಅವರು ಎದ್ದು ಹೋದ ಮೇಲೆ ಮೈದಾನ. ನನ್ನ ಮೊಮ್ಮಗಳು ಏಕಾಂತಿ ಅಲ್ಲಿ ಗೋಲ್‌ಕೀಪರ್.

ಬಸ್ಸು ಬಂತು…

ಬಂದಳು. ಮೊಣಕಾಲಿಗೆ ಇಳಿಯುತ್ತಿದ್ದ ಅಂಗಿ ಸೊಂಟಕ್ಕೆ ಸರಿಯಾಗಿ ಕೂತಿದೆ.

“ಯಾರ್ ಹೊಲಿದ್ರೇ?”

“ಅಮ್ಮಿ. ಅಳತೆನೂ ತಗಳ್ಳಿಲ್ಲ ಅಜ್ಜಿ, ಕಣ್ಣಾಗೆ ನೋಡಿ ಹೊಲಿದ್ಲು!”

ಅಮ್ಮಿ ಅಂದರೆ ಅಕ್ತರ್ ಬೀ. ಮೈದಾನದ ಪಕ್ಕದ ಮನೆ. ಮಗ ಕಲಂದರ್ ಗಂಡಸರ ಟೀಮಿನಲ್ಲಿ ಆಡುತ್ತಾನೆ. ಹುಡುಗಿಯರೆಲ್ಲ ಆಕೆಯನ್ನು ಅಮ್ಮಿ ಅನ್ನುತ್ತಾರಂತೆ. ಅನ್ನಲಿ. ಇವಳೂ ಅನ್ನಬೇಕೇ? ತಾಯಿ ಸತ್ತಾಗ ಮೂರು ವರ್ಷದ ಕೂಸು. ಸಾಕಿದವಳು ನಾನು. ಅವಳ ಒಂದನೇ ಕ್ಲಾಸಿನ ಪುಸ್ತಕದಲ್ಲೇ ನಾನೂ ಅಕ್ಷರ ಕಲಿತದ್ದು. ಸೂಜಿ ಹಿಡಿಯಲು ನನಗೂ ಬರುತ್ತದೆ.

20 ಆಗಸ್ಟ್, ಶನಿವಾರ

ಶನಿವಾರ ಅವಳ ತಲೆಗೆ ಎಣ್ಣೆ. ಚಿಕ್ಕಂದಿನಿಂದ ತಪ್ಪಿಲ್ಲ. ಜಡೆ ಬಿಚ್ಚಿದರೆ — ಆಗಲೇ ಎಣ್ಣೆ! ನಮ್ಮದಲ್ಲ. ಮೆಂತ್ಯ ಹಾಕಿ ಕಾಯಿಸಿದ್ದು.

“ಅಮ್ಮಿ ಹಚ್ಚಿದ್ಲು. ತಲೆ ಸುಡ್ತಿತ್ತು.”

“ಇನ್ನೇನ್ ಮಾಡಿದ್ಲು ನಿಮ್ಮಮ್ಮಿ?”

“ಮೊಟ್ಟೆ ಕೊಟ್ಲು. ದಿನಾ ಕೊಡ್ತಾಳೆ. ಗಂಡಸ್ರಿಗೆ ಕ್ಲಬ್ಬು ಕೊಡುತ್ತೆ. ನಮಗ್ಯಾರ್ ಕೊಡ್ತಾರೆ?”

ಮೊಟ್ಟೆ ಈ ಮನೆಯ ಹೊಸ್ತಿಲು ದಾಟಿದ್ದಿಲ್ಲ. ಈಗ ಅವಳ ಹೊಟ್ಟೆಯಲ್ಲಿ ಕೂತು ದಾಟಿದೆ. ಬೈಯಲಿಲ್ಲ. ಬೈದರೆ ಅಲ್ಲೇ ಉಳಿದುಬಿಟ್ಟಾಳು. ನಿಜ ಹೇಳಲೇ ರಂಗಿ? ಮೊಟ್ಟೆಗಿಂತ ಆ ಎಣ್ಣೆಯೇ ನನ್ನ ಹೊಟ್ಟೆ ಉರಿಸಿತು.

11 ಸೆಪ್ಟೆಂಬರ್, ಭಾನುವಾರ

ನಿನ್ನೆ ಬಸ್ಸು ತಪ್ಪಿತಂತೆ. ಏಕಾಂತಿ ಅಕ್ತರ್ ಬೀ ಮನೆಯಲ್ಲೇ ಮಲಗಿದಳು. ಬೆಳಗಿನ ಮೊದಲ ಬಸ್ಸಿಗೇ ಹೋದೆ, ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು. ಅಕ್ತರ್ ಬೀ ಬಾಗಿಲಲ್ಲೇ ನಿಂತಿದ್ದಳು. ತೆಳ್ಳಗೆ, ಎತ್ತರಕ್ಕೆ. ನಕ್ಕರೆ ಚೆನ್ನಾಗಿ ಕಾಣುತ್ತಾಳೆ, ಅದೂ ಹಿಡಿಸಲಿಲ್ಲ.

“ಬರ್ರಿ ಗಿರಿಯಮ್ಮ, ಕುಂತ್ಕಳ್ರಿ. ನಮ್ ಹುಡುಗಿ ಹೆಂಗ್ ಹಾರ್ತಾಳೆ ನೋಡ್ರಿ!”

ನಮ್ ಹುಡುಗಿ! ಯಾವಾಗಿಂದ?

ಆಟ ನೋಡಿದೆ. ಚೆಂಡು ಮೇಲೆದ್ದು ಬಂದರೆ ಹಿಡಿಯುವವಳು “ನಂದು!” ಎಂದು ಕೂಗಬೇಕು. ಕೂಗಿದರೆ ಉಳಿದವರು ಬಿಡಬೇಕು. ಗೋಲಿನ ಮುಂದೆ ಆಡುವ ಹಿರೇಗುಂಟನೂರಿನ ಚಂದ್ರಿಗೂ ಏಕಾಂತಿಗೂ ಇದೇ ಪಾಠ, ಬೆಳಗಿನಿಂದ. ಕೋಚ್ ಮುರುಗೇಶಪ್ಪ ಗದರಿಸುತ್ತಿದ್ದ: “ಲೇ, ಒಬ್ಬಳು ನಂದು ಅಂದ್ರೆ ಇನ್ನೊಬ್ಬಳು ಬಾಯಿ ಮುಚ್ಕಂಡು ಬಿಡ್ಬೇಕು!”

ಒಳ್ಳೆಯ ಕಾನೂನು. ಮೈದಾನದ ಹೊರಗೂ ಇದ್ದಿದ್ದರೆ…

ರೊಟ್ಟಿ ಬಿಚ್ಚಿದೆ. ಒಂದು ತಿಂದು “ಸಾಕಜ್ಜಿ, ಅಮ್ಮಿ ಪರೋಟ ಮಾಡಿದ್ಲು” ಅಂದಳು.

2 ಅಕ್ಟೋಬರ್, ಭಾನುವಾರ

ಸೋತರು. ಇವತ್ತು ಬರೆಯಲಾರೆ.

3 ಅಕ್ಟೋಬರ್

ಬರೆಯುತ್ತೇನೆ. ಗಂಡಸರ ಮ್ಯಾಚಿಗೆ ಮುಂಚೆ ಅರ್ಧ ಗಂಟೆ ಹೆಣ್ಣುಮಕ್ಕಳದು, ಬೆಂಗಳೂರಿನ ಹುಡುಗಿಯರ ಮೇಲೆ. ರಾಜ್ಯದ ಟೀಮಿನ ಕ್ಯಾಂಪಿಗೆ ಇಬ್ಬರನ್ನು ಆರಿಸಲು ಮೇಡಂ ಒಬ್ಬರು ಬಂದಿದ್ದರು. ಏಕಾಂತಿಗೆ ಅದೇ ಧ್ಯಾನ, ವಾರದಿಂದ. ನಾನು ಗೋಲಿನ ಹಿಂದೆಯೇ ಕೂತೆ, ಅವಳಿಗೆ ಹತ್ತಿರ ಇರಲಿ ಎಂದು. ಪಕ್ಕಕ್ಕೆ ಅಕ್ತರ್ ಬೀಯೂ ಬಂದು ಕೂತಳು!

ಎಷ್ಟು ಸಲ ಹಿಡಿದಳೋ ನಮ್ಮ ಹುಡುಗಿ. ಪೇಟೆ ಹೆಂಗಸೊಬ್ಬಳು ಕೇಳಿದಳು, “ಗೋಲ್ನಾಗಿರೋ ಕೂಸು ಯಾರ್ದು?” ನಾನು ಬಾಯಿ ತೆರೆಯುವ ಮುಂಚೆ ಅಕ್ತರ್ ಬೀ ಅಂದಳು, “ನಮ್ದೇ.”

ಎಲ್ಲಿತ್ತೋ ಸಿಟ್ಟು. ಎದ್ದು ನಿಂತೆ. “ನಂದು!” ಅಂದೆ. “ನಂದು ಕಣ್ರೀ, ನಂದು!” ಹೊಲದಲ್ಲಿ ಕೂಗಿ ಬೆಳೆದ ಗಂಟಲು, ನಿನಗೆ ಗೊತ್ತಲ್ಲ.

ಅದೇ ಗಳಿಗೆಗೆ ಚೆಂಡು ಗೋಲಿನ ಮುಂದೆ ಬಿದ್ದಿತ್ತು. ಚಂದ್ರಿ ಕೂಗಿದಳೆಂದು ಏಕಾಂತಿ ಬಿಟ್ಟಳು. ಏಕಾಂತಿ ಕೂಗಿದಳೆಂದು ಚಂದ್ರಿ ಬಿಟ್ಟಳು. ಚೆಂಡು ಇಬ್ಬರ ನಡುವೆ, ಯಾರಿಗೂ ಬೇಡವಾದ ಹಾಗೆ, ಉರುಳಿ ಒಳಗೆ ಹೋಯಿತು.

ಮುಗಿದ ಮೇಲೆ ಹುಡುಗಿಯರಿಬ್ಬರೂ ಕಿತ್ತಾಡಿದರು. “ನೀನೇ ಅಂದೆ!” “ನಿನ್ ಬಾಯಿಗೆ ಹುಳ ಬೀಳ, ನೀನಂದಿದ್ದು!” ಗಂಡಸರ ಟೀಮಿನವರು ಬಿದ್ದು ಬಿದ್ದು ನಗುತ್ತಿದ್ದರು. ಮೇಡಂ ಯಾರ ಹೆಸರೂ ಹೇಳದೆ ಎದ್ದರು. ಮುರುಗೇಶಪ್ಪ ಬೇಲಿ ಹತ್ತಿರ ಬಂದ: “ಯಾರ್ರೀ ಇಲ್ಲಿಂದ ಕೂಗಿದ್ದು?”

ನಾನು ಬಗ್ಗಿ ಚಪ್ಪಲಿ ಹುಡುಕಿದೆ.

“ನಾನಪ್ಪ,” ಅಂದಳು ಅಕ್ತರ್ ಬೀ.

ನೋಡು ರಂಗಿ. ಅಂಗಿ ತಗೊಂಡಳು, ತಲೆ ತಗೊಂಡಳು, ಹೊಟ್ಟೆ ತಗೊಂಡಳು. ಕೊನೆಗೆ ನನ್ನ ಬಾಯಿಂದ ಬಂದ ಮಾತನ್ನೂ ತಗೊಂಡಳು.

18 ಅಕ್ಟೋಬರ್

ಅಕ್ತರ್ ಬೀ ಮೈದಾನದ ಕಡೆ ಸುಳಿಯಬಾರದು ಎಂದು ಕೋಚ್ ಹೇಳಿದ್ದಾನೆ. ಹುಡುಗಿಯರೂ ಆ ಮನೆಗೆ ಹೋಗುವಂತಿಲ್ಲ. ಏಕಾಂತಿ ದಿನಾ ಆರರ ಬಸ್ಸಿಗೇ ಬರುತ್ತಾಳೆ, ಅರ್ಧ ಪ್ರಾಕ್ಟೀಸ್ ಬಿಟ್ಟು. ಮುದ್ದೆ ಉಣ್ಣುತ್ತಾಳೆ. ತಲೆ ಒಡ್ಡಿ ಕೂರುತ್ತಾಳೆ. ಎಣ್ಣೆ ನನ್ನದೇ.

ಬೇಕಾದ್ದೆಲ್ಲ ಸಿಕ್ಕಿತು.

ಕೇಳಿದ್ದಕ್ಕಷ್ಟೇ ಮಾತಾಡುತ್ತಾಳೆ. ಮೇಡಂ ಮೂವತ್ತಕ್ಕೆ ಇನ್ನೊಮ್ಮೆ ಬರುತ್ತಾರಂತೆ. ಚಂದ್ರಿಯೂ ಇವಳೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲವಂತೆ. ಗೋಲಿನ ಮುಂದೆ ಈಗ ಇಬ್ಬರೂ ಬಾಯಿ ಬಿಡುವುದಿಲ್ಲ. ಹೇಗೆ ಆಡುತ್ತಾರೆ?

23 ಅಕ್ಟೋಬರ್, ಭಾನುವಾರ

ದುರ್ಗಕ್ಕೆ ಹೋದೆ. ಹುಡುಗಿಯರೆಲ್ಲ ಇದ್ದರು. ಮುರುಗೇಶಪ್ಪನ ಎದುರು ನಿಂತು ಅಂದೆ, “ಅವತ್ತು ಕೂಗಿದ್ದು ಅಕ್ತರ್ ಬೀ ಅಲ್ಲಪ್ಪ. ಆ ಮಾತು ನಂದು.”

“ಯಾಕ್ ಹೇಳ್ಲಿಲ್ಲ ಅಜ್ಜಿ ಆಗ?”

“ಆಕೆ ಹೇಳಿಬಿಟ್ಲಲ್ಲ, ನಂಗೆ ಜಾಗ ಎಲ್ಲಿತ್ತು?”

ಚಂದ್ರಿ ಫಕ್ಕನೆ ನಕ್ಕಳು. ಏಕಾಂತಿ ನಗಲಿಲ್ಲ. ಅಕ್ತರ್ ಬೀ ಮನೆಗೆ ಇನ್ನು ಹೋಗಬಹುದು ಎಂದ ಮುರುಗೇಶಪ್ಪ. ಏಕಾಂತಿ ಬಸ್‌ಸ್ಟ್ಯಾಂಡಿನ ತನಕ ಜೊತೆಗೆ ನಡೆದು ಬಂದಳು. ಕೊನೆಗೆ —

“ಅಜ್ಜಿ, ನಂದು ಅಂತ ಕೂಗಿದೋರು ಬಂದು ಹಿಡೀಬೇಕು. ಸುಮ್ನೆ ಕೂಗಿ ನಿಂತ್ಕಳಂಗಿಲ್ಲ.”

“ಈಗ ಏನ್ ಮಾಡ್ಲಿ ಹೇಳು.”

“ಮೇಡಂ ಬರೋ ತಂಕ ಅಮ್ಮಿ ಮನೆಯಾಗಿರ್ತೀನಿ. ಕತ್ತಲಾಗೋವರ್ಗೂ ಆಡ್ಬಹುದು.”

ಬಸ್ಸು ಹೊರಡಲು ನಿಂತಿತ್ತು. ಬೇಡ ಎಂದಿದ್ದರೆ ಹತ್ತಿಬಿಡುತ್ತಿದ್ದಳು. ನನಗೆ ಗೊತ್ತು. ಒಬ್ಬಳೇ ಹತ್ತಿದೆ.

31 ಅಕ್ಟೋಬರ್, ಸೋಮವಾರ. ಬೆಳಿಗ್ಗೆ

ರಂಗಿ, ಇವತ್ತು ನಿನಗಲ್ಲ. ಕಾರ್ಡಿಗೆ ಇಳಿಸುವ ಮುಂಚೆ ಇಲ್ಲಿ ಬರೆದು ನೋಡುತ್ತೇನೆ.

ಅಕ್ತರ್ ಬೀ ಅವರಿಗೆ ಐಮಂಗಲದ ಗಿರಿಯಮ್ಮನ ನಮಸ್ಕಾರ. ನೀವು, ನಿಮ್ಮ ಯಜಮಾನರು ಮಹಮ್ಮದ್ ಗೌಸ್, ಕಲಂದರ್ ಎಲ್ಲರೂ ಕ್ಷೇಮವೇ? ಕಲಂದರನ ಕಾಲಿಗೆ ಪೆಟ್ಟು ಬಿದ್ದಿತ್ತಲ್ಲ, ವಾಸಿಯಾಯಿತೇ? ನಿಮಗೆ ಕನ್ನಡ ಓದಲು ಬಾರದು. ಏಕಾಂತಿ ಓದಿ ಹೇಳುತ್ತಾಳೆ. ಏಕಾಂತಿ, ಒಂದಕ್ಷರ ಬಿಡದೆ ಓದು.

ನಿನ್ನೆ ಮೇಡಂ ಬಂದರೇ? ಹುಡುಗಿ ಹಿಡಿದಳೇ? ಇಲ್ಲಿ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಅವಳಿಗೆ ಮೊಟ್ಟೆ ಕೊಡಿ. ಎರಡು ಕೊಟ್ಟರೂ ನಾನು ಏನೂ ಅನ್ನುವುದಿಲ್ಲ. ಅಂಗಿ ಹರಿದರೆ ನೀವೇ ಹೊಲಿಯಿರಿ, ನಿಮ್ಮ ಕೈ ಚೆನ್ನಾಗಿದೆ. ತಲೆಗೆ ಎಣ್ಣೆ ಮಾತ್ರ ಹಚ್ಚಬೇಡಿ. ಅದು ನಂದು. ಶನಿವಾರ ಬಟ್ಟಲು ಹಿಡಿದುಕೊಂಡು ನಾನೇ ಬರುತ್ತೇನೆ, ಬರಲೋ ಬೇಡವೋ ಬೇಗ ಬರೆಸಿ, ಅವಳ ಕೈಯಲ್ಲೇ…