ನೀನು ಬಿಗಿಮಾಡಿದ ಬೋಲ್ಟು

ಅಕ್ಕಾ,

ನಿನ್ನ ಮೇಲೆ ಸಿಟ್ಟು ಬಂದು ಬರೆಯಲು ಕೂತಿದ್ದೇನೆ. ಸಿಟ್ಟು ಅನ್ನುವುದಕ್ಕಿಂತ ಸುಸ್ತು ಅನ್ನಬೇಕೇನೋ. ನೀನು ಹೋಗಿ ವರ್ಷದ ಮೇಲಾಯಿತು. ಅವತ್ತಿನಿಂದ ನೀನು ಮುಚ್ಚಿಟ್ಟು ಹೋದದ್ದನ್ನೆಲ್ಲ ಬಿಚ್ಚುವುದೇ ನನ್ನ ಕೆಲಸವಾಗಿದೆ. ಅಡ್ಯಾರಿನ ನಿನ್ನ ಅಡುಗೆಮನೆಯ ನಲ್ಲಿಗಳು, ಗ್ಯಾಸಿನ ನಟ್ಟುಗಳು, ಬೇಳೆಯ ಡಬ್ಬಿಗಳು, ಯಾವುದೂ ಒಂದೇ ಸಲಕ್ಕೆ ತೆರೆದುಕೊಂಡದ್ದಿಲ್ಲ. ಎಲ್ಲ ಬಿಗಿಯಾದ ಮೇಲೂ "ಇನ್ನೊಂದ್ ಸುತ್ತು" ಅಂತ ಹಲ್ಲು ಕಚ್ಚಿ ತಿರುಗಿಸುತ್ತಿದ್ದೆಯಲ್ಲ, ಆ ಸುತ್ತನ್ನು ಬಿಚ್ಚಿ ಬಿಚ್ಚಿ ನನ್ನ ಮಣಿಕಟ್ಟು ಹಿಡಿದುಕೊಂಡಿದೆ. ನಿನ್ನ ಕೊನೆಯ ನಿಂಬೆ ಉಪ್ಪಿನಕಾಯಿಯ ಬಾಟಲಿಯೊಂದನ್ನು ಮಾತ್ರ ಅಮ್ಮ ಮುಟ್ಟಗೊಡುತ್ತಿರಲಿಲ್ಲ. ದೇವರ ಗೂಡಿನ ಪಕ್ಕದಲ್ಲಿ ಇಟ್ಟುಕೊಂಡಿದ್ದಳು.

ನೀನು ಆ ಹಳೇ ಕಾರು ತಂದ ದಿನ ನೆನಪಿದೆಯಾ? ಈ ಗುಜರಿ ಯಾಕೆ ಅಂತ ನಾನು ಬೈದಿದ್ದೆ. ಅದರಲ್ಲೇ ಊರೆಲ್ಲ ಹೋಳಿಗೆ, ಬಿಸಿಬೇಳೆಭಾತ್ ಹಂಚಿ ನೀನು ಕೇಟರಿಂಗ್ ಕಟ್ಟಿಕೊಂಡೆ. ನಸುಕಿನಲ್ಲಿ ಕೋಯಂಬೇಡಿನ ತರಕಾರಿ ಮಾರ್ಕೆಟ್ಟಿಗೆ ಹೊರಟರೆ ಪಕ್ಕದ ಸೀಟಿನಲ್ಲಿ ಅಮ್ಮ, ಮಡಿಲಲ್ಲಿ ಅವಳ ಹಳದಿ ಕೈಚೀಲ. ಅವರೆಕಾಯಿಗೆ ಸೊಗಡು ಇದೆಯೋ ಇಲ್ಲವೋ ಅಂತ ದಾರಿಯುದ್ದಕ್ಕೂ ಜಗಳ ಆಡಿಕೊಂಡೇ ವಾಪಸು ಬರುತ್ತಿದ್ದಿರಿ. ನನಗೋ ನಿದ್ದೆ ಕೆಡುತ್ತಿತ್ತು ಅನ್ನುವುದೊಂದೇ ದೂರು.

ನಿನ್ನ ತಿಥಿಯ ಕೆಲಸಗಳೆಲ್ಲ ಮುಗಿದು ನೆಂಟರು ಮೈಸೂರಿಗೆ ಬಸ್ಸು ಹತ್ತಿದ ಸಂಜೆ ಅಮ್ಮ ಮಹಡಿ ಹತ್ತಿದಳು. ಆಮೇಲೆ ಇಳಿಯಲೇ ಇಲ್ಲ. ದೇವಸ್ಥಾನ ಅಂದೆವು, ಬೀಚ್ ಅಂದೆವು. ಹೀಗೇ ಕೂತಿದ್ದರೆ ಕಾಲು ಪೂರ್ತಿ ಹೋಗುತ್ತದೆ ಅಂತ ಡಾಕ್ಟರು ಹೆದರಿಸಿದರು. ನನ್ನವಳು ರೇಖಾ ಬಾಡಿಗೆ ಕಾರು ತರಿಸಿ ಗೇಟಿನಲ್ಲಿ ನಿಲ್ಲಿಸಿದರೆ ಬಾಗಿಲಿಗೂ ಬರಲಿಲ್ಲ.

"ನಂಗೆ ಯಾರ ಕಾರೂ ಬೇಡ. ಅವಳ ಕಾರು ಸರಿ ಮಾಡ್ಸು, ಬರ್ತೀನಿ."

ತಪ್ಪಿಸಿಕೊಳ್ಳಲು ಹೇಳಿದ ಮಾತು ಅಂತ ನನಗೂ ಗೊತ್ತಿತ್ತು. ನಿನ್ನ ಕಾರು ಕೆಳಗೆ ಧೂಳು ಹೊದ್ದು ನಿಂತಿತ್ತು, ಎಷ್ಟು ನೀರು ಹಾಕಿದರೂ ಎಂಜಿನ್ನಿನಿಂದ ಸೋರಿ ಹೋಗುತ್ತಿತ್ತು. ಆದರೆ ಹಿಡಿದುಕೊಳ್ಳಲು ನನಗೆ ಬೇರೆ ಏನಿತ್ತು, ಹೇಳು?

ನೀನು ಬಾನೆಟ್ ಎತ್ತಿದಾಗಲೆಲ್ಲ ಟಾರ್ಚ್ ಹಿಡಿಯುವವನು ನಾನು. ಸ್ಪ್ಯಾನರ್ ಕೊಟ್ಟವಳೇ ಅಲ್ಲ ನೀನು. ಹೋದ ತಿಂಗಳು ಒಂದು ಭಾನುವಾರ ಅದನ್ನೂ ಹಿಡಿದೆ. ಎಂಜಿನ್ನಿನ ಬಿಸಿನೀರು ಹೊರಗೆ ಬರುವ ಜಾಗದಲ್ಲಿ ಮುಷ್ಟಿ ಗಾತ್ರದ ಅಲ್ಯುಮಿನಿಯಂ ಗೂಡು, ಅದೇ ಹೌಸಿಂಗ್, ಅದಕ್ಕೊಂದು ಮುಚ್ಚಳ, ಮುಚ್ಚಳಕ್ಕೆ ಎರಡು ಬೋಲ್ಟು. ಸೋರುತ್ತಿದ್ದದ್ದು ಅಲ್ಲೇ. ಮೊದಲನೆಯದು ಗೊಣಗುತ್ತಾ ಬಂತು. ಎರಡನೆಯದು ಜಪ್ಪಯ್ಯ ಅನ್ನಲಿಲ್ಲ. ಪೂರ್ತಿ ಭಾರ ಹಾಕಿದೆ. ಒಮ್ಮೆಲೇ ಸಲೀಸಾಗಿ ತಿರುಗಿತು. ಬಂತು ಅಂತ ಖುಷಿಪಟ್ಟೆ ನೋಡು, ಕೈಯಲ್ಲಿ ಬರೀ ತಲೆ ಇತ್ತು. ಉಳಿದದ್ದು ಹೌಸಿಂಗಿನ ಒಳಗೆ.

ಪಾರ್ಕಿಂಗಿನ ನೆಲದ ಮೇಲೆ ಹಾಗೇ ಕೂತೆ. ಬೆವರು ಕಣ್ಣಿಗೆ ಇಳಿಯುತ್ತಿತ್ತು. ಅಷ್ಟು ಬಿಗಿ ಯಾಕಕ್ಕಾ? ಎದೆ ನೋಯುತ್ತಿದೆ ಅಂತ ಒಂದು ಮಾತು ಹೇಳಿದ್ದರೆ ನಾನು… ಹೋಗಲಿ ಬಿಡು. ಮೇಲಿನಿಂದ ಅಮ್ಮ ಆಯಿತೇನೋ ಅಂತ ಕೇಳಿದಳು. ಇನ್ನೇನು ಆಯಿತು ಅಂದೆ.

ಪುರಸೈವಾಕ್ಕಂನಲ್ಲಿ ನೀನು ಪಾತ್ರೆ ಕೊಳ್ಳಲು ಹೋದಾಗ ಕಾರು ತೋರಿಸುತ್ತಿದ್ದೆಯಲ್ಲ, ಆ ಮೆಕ್ಯಾನಿಕ್ ಸೆಲ್ವಂ ಹತ್ತಿರವೇ ಹೋದೆ. ಹೌಸಿಂಗನ್ನು ಪೂರ್ತಿ ಬಿಚ್ಚಿ ಅಮ್ಮನ ಹಳದಿ ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲೇ ಹೋದೆ. ಮುರಿದ ಬೋಲ್ಟಿನ ತುದಿ ಅಕ್ಕಿಕಾಳಿನಷ್ಟು ಹೊರಗೆ ಕಾಣುತ್ತಿತ್ತು. ಸೆಲ್ವಂ ಬೆರಳಿಂದ ಅದನ್ನು ಸವರಿ ನೋಡಿ ನಕ್ಕ.

"ಇದು ಅಕ್ಕಾ ಪೋಟ್ಟ ಟೈಟ್, ಸಾರ್."

ಅಕ್ಕ ಮಾಡಿದ ಬಿಗಿ ಇದು ಅಂತ. ನಗುವುದನ್ನು ನಿಲ್ಲಿಸಿ ನಿಜ ಹೇಳಿದ. ಈ ಮಾಡೆಲ್ಲಿನ ಹೊಸ ಹೌಸಿಂಗ್ ಎಲ್ಲೂ ಸಿಗುವುದಿಲ್ಲ, ಕಂಪನಿ ಮಾಡುವುದನ್ನೇ ಬಿಟ್ಟಿದೆ. ಡ್ರಿಲ್ ಹಾಕಿ ತೆಗೆಯಬಹುದು, ಆದರೆ ಬೋಲ್ಟು ಗಟ್ಟಿ, ಸುತ್ತಲಿನ ಅಲ್ಯುಮಿನಿಯಂ ಮೆದು. ಡ್ರಿಲ್ ಒಂದು ಸಲ ಜಾರಿದರೆ ಒಳಗಿನ ಸುರುಳಿ ಹಲ್ಲು ಹಾಳು, ಕಾರು ಗುಜರಿಗೆ. ಬೇರೆ ದಾರಿ ಇದೆ, ಸಮಯ ಬೇಕು ಅಂದ. ನನಗೆ ಅವಸರವಿಲ್ಲ ಅಂದುಬಿಟ್ಟೆ. ಮನೆಯಲ್ಲಿ ಅಮ್ಮನ ಕಾಲು ದಿನದಿನಕ್ಕೂ ಮರಗಟ್ಟುತ್ತಿತ್ತು, ಮತ್ತೆ ಹಾಗೆ ಹೇಗೆ ಅಂದೆನೋ.

ಮತ್ತೆ ಹೋದಾಗ ಅವನು ತುಕ್ಕು ಬಿಡಿಸುವ ಎಣ್ಣೆಯಲ್ಲಿ ಅದನ್ನು ನೆನೆಸಿ ಇಟ್ಟಿದ್ದ. ತುದಿಯ ಮೇಲೆ ಒಂದು ನಟ್ಟು ಕೂರಿಸಿ ವೆಲ್ಡ್ ಮಾಡಿದ. ಸ್ಪ್ಯಾನರ್ ಹಾಕುತ್ತಲೇ ನಟ್ಟು ಕಿತ್ತುಬಂತು. ಇನ್ನೊಂದು ಕೂರಿಸಿದ. ಈ ಸಲ ಹೌಸಿಂಗನ್ನೂ ಸುತ್ತ ಬಿಸಿ ಮಾಡಿದ. ಆಮೇಲೆ ಅವನು ಬಿಚ್ಚಲು ಹೋಗಲಿಲ್ಲ, ಮೊದಲು ಕೂದಲೆಳೆಯಷ್ಟು ಬಿಗಿಯ ಕಡೆಗೇ ತಿರುಗಿಸಿದ. ಇದೇನಪ್ಪಾ ಅಂತ ಕೇಳಿದೆ. ಒಂಚೂರು ಬಿಗಿ, ಒಂಚೂರು ಸಡಿಲ, ಎಣ್ಣೆ, ಮತ್ತೆ ಬಿಗಿ. ಒಂದೇ ಕಡೆ ಎಳೆದರೆ ಇದೂ ಮುರಿಯುತ್ತದೆ ಸಾರ್ ಅಂದ. ಕೊನೆಗೂ ಕಿರ್ರ್ ಅಂತ ಬಂತು, ಹಲ್ಲುಗಳ ತುಂಬ ಬಿಳೀ ಟೇಪಿನ ಚೂರು ಅಂಟಿಕೊಂಡಿತ್ತು. ನಲ್ಲಿಗೆ ಪ್ಲಂಬರ್ ಸುತ್ತುವ ಟೇಪನ್ನು ಎಂಜಿನ್ನಿನ ಬೋಲ್ಟಿಗೆ ಸುತ್ತಿದ್ದೀಯಲ್ಲ ಮಾರಾಯ್ತಿ. ಸೆಲ್ವಂ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ನಕ್ಕೆ, ನಗುತ್ತಾ ಇದ್ದಂತೆಯೇ ಅಳು ಬಂತು.

ಇವತ್ತು ಬೆಳಿಗ್ಗೆ ಕಾರು ಸ್ಟಾರ್ಟ್ ಆಯಿತು. ಹಾರ್ನ್ ಹೊಡೆಯುವ ಧೈರ್ಯ ಸಾಲದೆ ಸುಮ್ಮನೆ ಎಂಜಿನ್ ಚಾಲೂ ಇಟ್ಟು ಗೇಟಿನಲ್ಲಿ ಕೂತೆ. ಬರದಿದ್ದರೆ? ಬಹಳ ಹೊತ್ತಾದ ಮೇಲೆ ರೇಖಾಳ ಹೆಗಲು ಹಿಡಿದುಕೊಂಡು, ಮೆಟ್ಟಿಲು ಮೆಟ್ಟಿಲಿಗೂ ನಿಂತು, ಅಮ್ಮ ಇಳಿದು ಬಂದಳು. ಪಕ್ಕದ ಸೀಟಿನಲ್ಲಿ ಕೂತು ಚೀಲ ಮಡಿಲಿಗೆ ಹಾಕಿಕೊಂಡಳು. ಅದರ ತಳದಲ್ಲಿ ಸೆಲ್ವಂ ಕೊಟ್ಟಿದ್ದ ಆ ಮುರಿದ ಬೋಲ್ಟು ಕೈಗೆ ಸಿಕ್ಕಿತು. ಏನಿದು ಅಂದಳು. ಹೇಳಿದೆ. ಕೋಯಂಬೇಡು ಬರುವವರೆಗೂ ಅದನ್ನು ಮುಷ್ಟಿಯಲ್ಲಿ ಹಿಡಿದಿದ್ದಳು.

"ಸಡಿಲ ಬಿಡೋದೇ ಗೊತ್ತಿರ್ಲಿಲ್ಲ ಅವಳಿಗೆ," ಅಂದಳು.

ನೀನು ಹೋದ ಮೇಲೆ ನಿನ್ನ ಬಗ್ಗೆ ಅವಳು ತಾನಾಗಿ ಆಡಿದ ಮೊದಲ ಮಾತು ಅದು. ಮಾರ್ಕೆಟ್ಟಿನಲ್ಲಿ ತನ್ನ ಮುರುಕು ತಮಿಳಿನಲ್ಲಿ ಸೊಗಡಿಲ್ಲ ಅಂತ ಅವರೆಕಾಯಿಯವನ ಜೊತೆ ಜಗಳ ಆಡಿದಳು. ನನಗೆ ಅಷ್ಟು ಹಿತವಾದ ಜಗಳ ಇನ್ನೊಂದಿಲ್ಲ.

ಮನೆಗೆ ಬಂದು ಅವರೆಕಾಯಿ ಸುಲಿಯುತ್ತಾ, ಆ ಉಪ್ಪಿನಕಾಯಿ ಬಾಟಲಿ ತಾ, ಊಟಕ್ಕೆ ತೆಗೆಯೋಣ ಅಂದಳು. ನಿನಗೆ ಹೇಳಬೇಕು ಅಂತ ಕೂತ ಸುದ್ದಿ ಇದೇ. ಸೆರಗಿನಲ್ಲಿ ಹಿಡಿದು ಮೊದಲು ಅವಳೇ ತಿರುಗಿಸಿದಳು, ಆಗಲಿಲ್ಲ. ರೇಖಾನೂ ತಿರುಗಿಸಿ ನೋಡಿದಳು. ಆಮೇಲೆ ನನ್ನ ಕೈಗೆ ಬಂತು. ಮುಖ ಕೆಂಪಗಾಗುವ ಹಾಗೆ ತಿಣುಕಿ, ಆಗುತ್ತಿಲ್ಲಮ್ಮ, ನಾಳೆ ಮುಚ್ಚಳ ಬಿಸಿ ಮಾಡಿ ತೆಗೆದುಕೊಡುತ್ತೇನೆ ಅಂದೆ. ತೆಗೆಯುತ್ತೇನೆ ಅಕ್ಕಾ, ಮಾತು ಕೊಟ್ಟಿದ್ದೇನೆ. ಆದರೆ ಇವತ್ತು… ಮುಚ್ಚಳ ನನ್ನ ಕೈಯಲ್ಲಿ ಅಲುಗಿತ್ತು. ಯಾರಿಗೂ ಕಾಣದ ಹಾಗೆ ಮತ್ತೆ ಬಿಗಿಮಾಡಿದೆ.

ನಿನ್ನ ಪುಟ್ಟು